ಹಲ್ಲಿಲ್ಲದ ಬಾಯಿಗಳ ಹಲ್ಲಿನ ಡಾಕ್ಟರು

ಮದುವೆ ಊಟದ ಪಂಕ್ತಿಯಲ್ಲಿ ನಾನು ಹಲ್ಲಿನ ಡಾಕ್ಟರೆಂದು ಗೊತ್ತಾದರೆ ಸಾಕು, ಪಕ್ಕದವರು ಬಾಯಲ್ಲಿದ್ದ ಹೋಳಿಗೆಯನ್ನು ಒಂದು ಕೆನ್ನೆಗೆ ತಳ್ಳಿ, ಇನ್ನೊಂದು ಕೆನ್ನೆಯನ್ನು ಬೆರಳಿನಿಂದ ಅಗಲಿಸಿ, "ಇಲ್ಲೊಂದು ಜುಮ್ಮೆನ್ನುವುದುಂಟು, ಸ್ವಲ್ಪ ನೋಡ್ತೀರಾ?" ಎನ್ನುತ್ತಿದ್ದರು. ನಾನು ಚಿಕಿತ್ಸೆ ಮಾಡುವುದು ಹಲ್ಲು ಇನ್ನೂ ಬಾರದವರಿಗೆ, ಹುಟ್ಟಿ ಒಂದೆರಡು ವಾರ ಆದವರಿಗೆ ಎಂದರೆ ಆ ಬಾಯಿ ತಾನಾಗಿ ಮುಚ್ಚುತ್ತಿತ್ತು. "ಹಲ್ಲೇ ಇಲ್ಲದ ಮೇಲೆ ಅಲ್ಲಿ ಹಲ್ಲಿನ ಡಾಕ್ಟ್ರಿಗೆ ಏನು ಕೆಲಸ?" ಎಂದು ಒಬ್ಬರು ಕೇಳಿಯೇಬಿಟ್ಟರು. ನನ್ನ ತಾಯಿ ಕೊನೆಯವರೆಗೂ ಇದನ್ನೇ ಸ್ವಲ್ಪ ಬೇರೆ ಮಾತಿನಲ್ಲಿ ಕೇಳುತ್ತಿದ್ದರು: "ಅಷ್ಟು ಓದಿಸಿದ್ದು ಮಕ್ಕಳ ಜೊಲ್ಲು ಒರೆಸ್ಲಿಕ್ಕಾ?"

ಹೌದು, ಮುಕ್ಕಾಲುಪಾಲು ಜೊಲ್ಲು ಒರೆಸುವುದೇ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಪುಸ್ತಕದ ಬಣ್ಣದ ಚಿತ್ರಗಳನ್ನು ನೋಡಿ ಬರುತ್ತಾರೆ. ಆ ಚಿತ್ರಗಳಲ್ಲಿ ಮಗು ಅಳುವುದಿಲ್ಲ, ಅಜ್ಜಿ ಇರುವುದೇ ಇಲ್ಲ. ನಿವೃತ್ತಳಾದ ಮೇಲೆ ನನಗೆ ಬಿಡುವು ಬೇಕಾದಷ್ಟಿದೆ. ಚಿತ್ರದಲ್ಲಿ ಬಿಟ್ಟುಹೋದದ್ದನ್ನು ಬರೆಯೋಣವೆಂದು ಕೂತಿದ್ದೇನೆ.

ಮೊದಲು ಕೆಲಸವೇನೆಂದು ಹೇಳಿಬಿಡುತ್ತೇನೆ. ಕೆಲವು ಮಕ್ಕಳು ಮೇಲ್ದುಟಿ ಸೀಳಿಕೊಂಡು ಹುಟ್ಟುತ್ತವೆ. ಕೆಲವರಲ್ಲಿ ಸೀಳು ತುಟಿಗೇ ನಿಲ್ಲುತ್ತದೆ. ಕೆಲವರಲ್ಲಿ ಒಸಡನ್ನು ದಾಟಿ ಅಂಗುಳದ ಉದ್ದಕ್ಕೂ ಹೋಗುತ್ತದೆ. ಆ ಬದಿಯ ಮೂಗಿನ ಹೊಳ್ಳೆ ಕಂಬ ಕಿತ್ತ ಚಪ್ಪರದ ಹಾಗೆ ಕುಸಿದಿರುತ್ತದೆ. ಮಗುವಿಗೆ ಹಾಲು ಚೀಪಲು ಆಗುವುದಿಲ್ಲ. ಕುಡಿದದ್ದು ಮೂಗಿನಿಂದ ಹೊರಗೆ ಬರುತ್ತದೆ. ತುಟಿ ಹೊಲಿಯುವುದು ಸರ್ಜನ್ ಕೆಲಸ. ಆದರೆ ಅಗಲ ಸೀಳನ್ನು ಎಳೆದು ಹೊಲಿದರೆ ಬಿಗಿ ರವಿಕೆಯ ಹಾಗೆ ಹೊಲಿಗೆಯ ಮೇಲೆಯೇ ಭಾರ ಬೀಳುತ್ತದೆ. ಹೊಸದಾಗಿ ಹುಟ್ಟಿದ ಮಕ್ಕಳ ಎಲುಬು ಮೆದು. ಅದಕ್ಕೇ ನಾವು ಬಾಯಿಯ ಅಚ್ಚು ತೆಗೆದು, ಅಕ್ರಿಲಿಕ್‌ನ ಪುಟ್ಟ ಪ್ಲೇಟು ಮಾಡಿ ಅಂಗುಳಕ್ಕೆ ಕೂರಿಸಿ, ಹೊರಗೆ ಕೆನ್ನೆಯಿಂದ ಕೆನ್ನೆಗೆ ಟೇಪು ಎಳೆದು ಅಂಟಿಸುತ್ತೇವೆ. ವಾರ ವಾರ ಪ್ಲೇಟನ್ನು ಒಂದು ಕಡೆ ಕೆರೆದು ಇನ್ನೊಂದು ಕಡೆ ತುಂಬಿಸುತ್ತ ಹೋದರೆ ಒಸಡಿನ ಎರಡು ತುದಿಗಳು ಹತ್ತಿರ ಬರುತ್ತವೆ. ಆಮೇಲೆ ಪ್ಲೇಟಿಗೆ ತಂತಿ ಸೇರಿಸಿ, ಅದರ ತುದಿಯ ಸಣ್ಣ ಗುಂಡಿನಿಂದ ಕುಸಿದ ಹೊಳ್ಳೆಯನ್ನು ಎತ್ತಿ ನಿಲ್ಲಿಸುತ್ತೇವೆ. ನಾಲ್ಕೈದು ತಿಂಗಳಾಗುವಾಗ ಸರ್ಜನ್ ಕೈಗೆ ಒಪ್ಪಿಸುತ್ತೇವೆ. ಇದರಿಂದ ದೊಡ್ಡ ಪ್ರಯೋಜನವಿಲ್ಲ ಎನ್ನುವವರೂ ನಮ್ಮವರಲ್ಲೇ ಇದ್ದಾರೆ. ಸಮ್ಮೇಳನಗಳಲ್ಲಿ ಊಟದವರೆಗೆ ಈ ಬಗ್ಗೆ ಜಗಳವಾಡುತ್ತಾರೆ. ಊಟವಾದ ಮೇಲೆ ಇಬ್ಬರೂ ಒಂದೇ ಸಾಲಿನಲ್ಲಿ ತೂಕಡಿಸುತ್ತಾರೆ.

ನಾನು ಕೆಲಸ ಕಲಿತದ್ದು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. ವಿಭಾಗದ ಮುಖ್ಯಸ್ಥರನ್ನು ಎಲ್ಲರೂ 'ಹೆಡ್' ಎನ್ನುತ್ತಿದ್ದರು. ಕೊನೆಯ ಅಕ್ಷರವನ್ನು ಸ್ವಲ್ಪ ಒತ್ತಿ ಹೇಳಿದರೆ ನಮ್ಮ ಕಡೆ ಅದಕ್ಕೆ ಬೇರೆ ಅರ್ಥ ಬರುತ್ತದೆ. ನಾವು ಒತ್ತಿಯೇ ಹೇಳುತ್ತಿದ್ದೆವು. ಮಗು ಕಕ್ಕೀತೆಂದು ಅವರು ಟೈಯನ್ನು ಅಂಗಿಯ ಗುಂಡಿಗಳ ನಡುವೆ ತುರುಕಿಕೊಂಡೇ ವಾರ್ಡಿಗೆ ಬರುತ್ತಿದ್ದರು. ತಾಯಂದಿರ ಹತ್ತಿರ ಅವರು ಆಡುತ್ತಿದ್ದದ್ದು ರೇಡಿಯೋ ವಾರ್ತೆಯ ಕನ್ನಡ. ಒಮ್ಮೆ ಬಂಟ್ವಾಳದ ಹೆಣ್ಣುಮಗಳೊಬ್ಬಳಿಗೆ, "ತಾಯೀ, ಶಿಶುವಿನ ಮೇಲ್ದವಡೆಯ ಖಂಡಗಳು ವಿಚಲಿತಗೊಂಡಿವೆ" ಎಂದರು. ಅವಳು ಹಿಂದೆ ತಿರುಗಿ ನೋಡಿ, ನನ್ನ ಹತ್ತಿರ ತುಳುವಿನಲ್ಲಿ ಕೇಳಿದಳು, "ಇವರು ಹೇಳುವುದು ಯಾರಿಗೆ?"

ಆಗೆಲ್ಲ ಅಚ್ಚು ತೆಗೆಯುತ್ತಿದ್ದದ್ದು ನೀರಿನಲ್ಲಿ ಕಲಸುವ ಗುಲಾಬಿ ಬಣ್ಣದ ಹುಡಿಯಿಂದ. ಗಟ್ಟಿಯಾಗುವ ಮೊದಲು ಅದು ನೀರುದೋಸೆಯ ಹಿಟ್ಟಿನ ಹಾಗೆ ಎಲ್ಲೆಂದರಲ್ಲಿಗೆ ಹರಿಯುತ್ತಿತ್ತು. ಮಗುವಿಗೆ ಅರಿವಳಿಕೆ ಕೊಡುವುದಿಲ್ಲ; ಅದು ಎಚ್ಚರವಿದ್ದು ಕಿರುಚುತ್ತಿರಬೇಕು. ಕಿರುಚುವ ಮಗು ಉಸಿರಾಡುತ್ತಿರುತ್ತದೆ. ಒಂದು ದಿನ ಹೆಡ್ಡರು ಅಚ್ಚಿನ ತಟ್ಟೆಯನ್ನು ಬಾಯೊಳಗೆ ಒತ್ತಿ ಹಿಡಿದು, ಮುಖವನ್ನು ವಿದ್ಯಾರ್ಥಿಗಳ ಕಡೆ ತಿರುಗಿಸಿ ಭಾಷಣ ಶುರು ಮಾಡಿದರು. ನಡುವೆ ಮಗು ಸುಮ್ಮನಾಯಿತು. ಕೋಣೆಯಲ್ಲಿ ಅವರ ಸ್ವರ ಮಾತ್ರ. ನಾನು ಅವರ ಕೈಯನ್ನು ತಳ್ಳಿ ತಟ್ಟೆ ಎಳೆದು, ಮಗುವನ್ನು ಮುಂಗೈ ಮೇಲೆ ಕವುಚಿ ಹಾಕಿ, ಗಂಟಲ ಹತ್ತಿರ ಸಿಕ್ಕಿದ್ದ ತುಂಡನ್ನು ಬೆರಳಿನಿಂದ ಕಿತ್ತೆ. ಮಗು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಅತ್ತಿತು. ಹೆಡ್ಡರು ಒಂದು ಕ್ಷಣವೂ ತಡವರಿಸದೆ, "ಹೀಗೆ ರೋದನ ಮುಂದುವರಿಯುತ್ತಿರಬೇಕು" ಎಂದರು. ವಿದ್ಯಾರ್ಥಿಗಳು ಬರೆದುಕೊಂಡರು. ನೀವು ಬರೆದುಕೊಳ್ಳಬೇಕಾದದ್ದು ಬೇರೆ: ಕಣ್ಣು ಮಗುವಿನ ಬಣ್ಣದ ಮೇಲಿರಲಿ, ಭಾಷಣ ಆಮೇಲೆ ಮಾಡಬಹುದು.

ಹುಡಿ ಹೋಗಿ ಚಪಾತಿ ಹಿಟ್ಟಿನಂಥ ಸಿಲಿಕೋನ್ ಬಂತು. ಅದು ಹರಿಯುವುದಿಲ್ಲ, ಹರಿಯದ ಕಾರಣ ನಮ್ಮ ಬಿಪಿಯೂ ಇಳಿಯಿತು. ಈಗ ಕ್ಯಾಮೆರಾ ಕಡ್ಡಿಯನ್ನು ಬಾಯಲ್ಲಿ ತಿರುಗಿಸಿದರೆ ಪರದೆಯ ಮೇಲೆ ಅಂಗುಳ ಮೂಡುತ್ತದೆ. ಮುಂದಿನ ವಾರಗಳ ಪ್ಲೇಟುಗಳನ್ನೆಲ್ಲ ಮೆಷಿನ್ ಒಟ್ಟಿಗೇ ಮಾಡಿ ಕೊಡುತ್ತದೆ. ನನಗೆ ಸಂತೋಷವೇ. ಆದರೆ ಆ ಮೆಷಿನ್ ಅಜ್ಜಿಯರ ಹತ್ತಿರ ಮಾತಾಡುವುದಿಲ್ಲ.

ವಾರ ವಾರ ಮಂಗಳೂರಿಗೆ ಬರುವುದೆಂದರೆ ಬೆಳ್ತಂಗಡಿಯ ಬಾಣಂತಿಗೆ ಹುಡುಗಾಟವಲ್ಲ. ಎಷ್ಟೋ ಮಂದಿ ನಡುವೆಯೇ ನಿಲ್ಲಿಸಿಬಿಡುತ್ತಿದ್ದರು. ಅಚ್ಚು ಮಾತ್ರ ಆಸ್ಪತ್ರೆಯಲ್ಲಿ ತೆಗೆದು, ಉಳಿದ ಕೆಲಸಕ್ಕೆ ನಾನೇ ವಾರಕ್ಕೊಂದೊಂದು ದಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗೆ ಹೋಗುತ್ತೇನೆ ಎಂದೆ. "ನೀವೇನು ಪೆಟ್ಟಿಗೆ ಹೊತ್ತು ಸೀರೆ ಮಾರುವವರಾ?" ಎಂದು ಹೆಡ್ಡರು ಕೇಳಿದರು. ಆದರೆ ಚಿಕಿತ್ಸೆ ಪೂರ್ತಿ ಮುಗಿಸಿದ ಮಕ್ಕಳ ಫೋಟೋ ಅವರಿಗೆ ಸಮ್ಮೇಳನದಲ್ಲಿ ತೋರಿಸಲು ಬೇಕಿತ್ತು. ಹಾಗಾಗಿ ನಾನು ಪೆಟ್ಟಿಗೆ ಹೊತ್ತೆ.

ಊರೂರು ತಿರುಗಿದ್ದರಿಂದ ಪ್ಲೇಟು ಎಷ್ಟು ರೀತಿಯಲ್ಲಿ ಹಾಳಾಗಬಹುದೆಂದು ತಿಳಿಯಿತು. ಬಂಟ್ವಾಳದ ಒಬ್ಬ ಅಜ್ಜಿ ಶುದ್ಧವಾಗಲೆಂದು ಅದನ್ನು ಕುದಿಯುವ ನೀರಿಗೆ ಹಾಕಿ ಹಪ್ಪಳದ ಹಾಗೆ ಸುರುಟಿಸಿ ತಂದರು. ಇನ್ನೊಂದು ಮನೆಯವರು ಮಗುವಿನ ಪ್ಲೇಟನ್ನು ಧರ್ಮಸ್ಥಳದ ಲಾಡ್ಜಿನಲ್ಲಿ ದಿಂಬಿನ ಕೆಳಗೆ ಬಿಟ್ಟು ಬಂದರು. ಕೋಣೆ ಗುಡಿಸುವವನು ಅದನ್ನು ಯಾರದೋ ಹಲ್ಲಿನ ಸೆಟ್ಟೆಂದು ಜೋಪಾನವಾಗಿ ತೆಗೆದಿಟ್ಟಿದ್ದ. ವಾಪಸು ಕೊಡುವಾಗ, "ಇಷ್ಟು ಸಣ್ಣ ಬಾಯಿಯ ಮನುಷ್ಯ ಯಾರು ಅಂತ ಆಲೋಚನೆ ಮಾಡ್ತಾ ಇದ್ದೆ ಮಾರಾಯ್ರೆ" ಎಂದನಂತೆ.

ಇವೆಲ್ಲ ನಗುವ ಸಂಗತಿಗಳು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ತೋಡಾರಿನ ಐಸಮ್ಮನ ವಿಷಯ. ಅದರಲ್ಲೂ ನಗುವಂಥದ್ದಿದೆ, ಆದರೆ ಆಗ ನಮಗ್ಯಾರಿಗೂ ನಗು ಬಂದಿರಲಿಲ್ಲ.

ಮೂಡುಬಿದಿರೆಯ ನನ್ನ ಕೋಣೆಗೆ ಒಂದು ಬೆಳಿಗ್ಗೆ ಐಸಮ್ಮ ಶಾಲಿನಲ್ಲಿ ಸುತ್ತಿದ ಮೂಟೆಯೊಂದನ್ನು ಎತ್ತಿಕೊಂಡು ಬಂದರು. ಎತ್ತರದ, ಗಟ್ಟಿಮುಟ್ಟಾದ ಹೆಂಗಸು. ಮೆಲ್ಲಗೆ ಮಾತಾಡಿದರೂ ರಸ್ತೆಯ ಆಚೆ ಬದಿಗೆ ಕೇಳುವ ಸ್ವರ. ಹಿಂದೆ ಸೊಸೆ ಸುಮಯ್ಯಾ, ಹೆರಿಗೆಯ ಸುಸ್ತು ಇನ್ನೂ ಬಿಡದ ಹುಡುಗಿ. ಮೂಟೆಯೊಳಗೆ ಮೊಮ್ಮಗಳು ಹಿಬಾ.

"ತುಟಿಯಲ್ಲಿ ಒಂದು ಸಣ್ಣ ಗೀರು ಉಂಟು ಡಾಕ್ಟ್ರೇ," ಎಂದರು ಐಸಮ್ಮ. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿದ್ದೇನೆ.

ಶಾಲು ಸರಿಸಿದೆ. ಗೀರು ತುಟಿಯಿಂದ ಹೊರಟು ಮೂಗಿನ ಒಳಗೆ ಹೊಕ್ಕು, ಒಸಡು ದಾಟಿ, ಅಂಗುಳದ ಕೊನೆಯವರೆಗೆ ಹೋಗಿತ್ತು.

"ಇವಳು ಗ್ರಹಣದ ದಿನ ಬಸಳೆ ಕತ್ತರಿಸಿದ್ದು," ಐಸಮ್ಮ ಸೊಸೆಯ ಕಡೆ ಗಲ್ಲ ತೋರಿಸಿದರು. "ಬೇಡ ಅಂತ ಹೇಳಿದ್ರೆ ಕೇಳ್ಬೇಕಲ್ಲ."

"ಆಗ ಗ್ರಹಣವೇ ಇರ್ಲಿಲ್ಲ," ಸುಮಯ್ಯಾ ನೆಲ ನೋಡಿಕೊಂಡು ಹೇಳಿದಳು.

"ಇಲ್ಲಿ ಇರ್ಲಿಲ್ಲ. ದುಬೈಯಲ್ಲಿ ಇದ್ದಿರಬಹುದು."

"ದುಬೈಯಲ್ಲಿ ಇರುವುದು ಯಾರು?" ಎಂದು ಕೇಳಿದೆ.

"ನನ್ನ ಮಗ. ರಫೀಕ್."

"ಹಾಗಾದ್ರೆ ಬಸಳೆ ಕತ್ತರಿಸಿದ್ದು ಅವರೇ ಇರ್ಬೇಕು ಐಸಮ್ಮ."

ಸುಮಯ್ಯಾ ತಟ್ಟನೆ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಐಸಮ್ಮ ನನ್ನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಕ್ಲಿನಿಕ್ ಬಾಗಿಲು ಹಾಕಿ ಹೋಗುತ್ತಿದ್ದರು.

ಸೀಳು ಗ್ರಹಣದಿಂದಲೂ ಬರುವುದಿಲ್ಲ, ಬಸಳೆಯಿಂದಲೂ ಬರುವುದಿಲ್ಲ, ಮಗು ಹೊಟ್ಟೆಯಲ್ಲಿ ಬೆಳೆಯುವ ಮೊದಲ ವಾರಗಳಲ್ಲೇ ತುಟಿಯ ಎರಡು ಬದಿಗಳು ಕೂಡಿಕೊಳ್ಳದೆ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ ಎಂದು ವಿವರಿಸಿದೆ. ಐಸಮ್ಮ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವರ ಚಿಂತೆ ಬೇರೆಯೇ ಇತ್ತು. ರಫೀಕನಿಗೆ ಈ ವಿಷಯ ಹೇಳಿಯೇ ಇರಲಿಲ್ಲ. ಮಗುವಿನ ಮುಖವನ್ನು ಒಂದು ಬದಿಗೆ ಹೊರಳಿಸಿ ತೆಗೆದ ಫೋಟೋಗಳನ್ನು ಮಾತ್ರ ಕಳಿಸುತ್ತಿದ್ದರು. ವಿಡಿಯೋ ಕಾಲ್ ಬಂದರೆ ಮಗು ಮಲಗಿರುತ್ತಿತ್ತು, ಯಾವಾಗಲೂ ಮಲಗಿರುತ್ತಿತ್ತು.

"ಅವನು ರಜೆಯಲ್ಲಿ ಬರುವ ಮೊದಲು ಹೊಲಿದು ಕೊಡಿ," ಎಂದರು ಐಸಮ್ಮ. "ಅವನಿಗೆ ಗೊತ್ತೇ ಆಗ್ಬಾರ್ದು."

ಪ್ಲೇಟು ತಯಾರಾಯಿತು. ಸುಮಯ್ಯಾಳ ಕೈ ಬಹಳ ಹದ. ಪ್ಲೇಟು ತೆಗೆದು ತೊಳೆದು ಮತ್ತೆ ಕೂರಿಸುವುದನ್ನು ಒಮ್ಮೆ ತೋರಿಸಿದ್ದಕ್ಕೇ ಕಲಿತಳು. ಅಂಗುಳದ ತೂತು ಮುಚ್ಚಿದ್ದರಿಂದ ಹಾಲು ಮೂಗಿಗೆ ಹೋಗುವುದು ನಿಂತಿತು. ಒಳಲೆಯಲ್ಲಿ ಹಿಂಡಿದ ಹಾಲು ಕುಡಿಸಿದರೆ ಹಿಬಾ ಖಾಲಿಯಾಗುವವರೆಗೆ ಕುಡಿದು, ಇನ್ನೂ ಬೇಕೆಂದು ಅತ್ತಳು. ಸುಮಯ್ಯಾಳಿಗೆ ಆ ಅಳು ಕೇಳಿಯೇ ಜೀವ ಬಂತು.

ತೊಂದರೆ ಇದ್ದದ್ದು ಟೇಪಿನದ್ದು. ಪ್ರತಿ ವಾರ ಬರುವಾಗಲೂ ಟೇಪು ಮಗುವಿನ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಕೆನ್ನೆ ಆಗಷ್ಟೇ ಬಾಣಲೆಯಿಂದ ತೆಗೆದ ಬಾಳೆಕಾಯಿ ಚಿಪ್ಸಿನ ಹಾಗೆ ಹೊಳೆಯುತ್ತಿತ್ತು.

"ಎಣ್ಣೆ ಹಚ್ಚಿದ್ರಾ ಐಸಮ್ಮ?"

"ಇಲ್ಲಪ್ಪ."

"ಕೊಬ್ಬರಿ ಎಣ್ಣೆಯ ಪರಿಮಳ ಬರ್ತಾ ಉಂಟಲ್ಲ?"

"ಅದು ನನ್ನ ತಲೆಯದ್ದು."

ಐಸಮ್ಮ ಆಚೆ ಹೋದಾಗ ಸುಮಯ್ಯಾ ನಿಜ ಹೇಳಿದಳು. ಮುಖಕ್ಕೆ ಟೇಪು ಇದ್ದರೆ ಬಸ್ಸಿನಲ್ಲಿ ಜನ ಏನಾಯಿತೆಂದು ಕೇಳುತ್ತಾರೆ. ಆದ್ದರಿಂದ ಮಾಮಿ, ಅಂದರೆ ಅತ್ತೆ, ಮನೆಗೆ ಯಾರಾದರೂ ಬಂದಾಗ, ಬಸ್ ಹತ್ತುವ ಮೊದಲು ಎಣ್ಣೆ ಸವರಿ ಟೇಪು ಜಾರಿಸಿ, ಮಗುವಿನ ಮುಖಕ್ಕೆ ಶಾಲು ಎಳೆಯುತ್ತಿದ್ದರು. ಟೇಪಿಲ್ಲದೆ ಬರೀ ಪ್ಲೇಟು ಅರ್ಧ ಕೆಲಸವನ್ನೂ ಮಾಡುವುದಿಲ್ಲ. ನಾನು ಬೈದೆ, ಬೇಡಿಕೊಂಡೆ, ಕೆನ್ನೆ ಕೆಂಪಾಗದಿರಲೆಂದು ಟೇಪಿನ ಅಡಿಗೆ ಹಾಕುವ ಮೆದು ಪಟ್ಟಿಯನ್ನೂ ಕೊಟ್ಟೆ. ಐಸಮ್ಮ ಎಲ್ಲದಕ್ಕೂ ತಲೆಯಾಡಿಸಿದರು. ಮುಂದಿನ ವಾರ ಪಟ್ಟಿಗೂ ಎಣ್ಣೆ ಹತ್ತಿತ್ತು.

ಹೀಗೆ ಎಳೆದಾಡುತ್ತಿರುವಾಗ ಒಂದು ದಿನ ಐಸಮ್ಮ ಬಂದವರೇ ಹೇಳಿದರು, "ರಫೀಕ್‌ಗೆ ರಜೆ ಬೇಗ ಸಿಗ್ತದಂತೆ. ನಮಗೆ ನಿಮ್ಮ ಪ್ಲೇಟು ಸಾಕು. ಬೇರೆ ಕಡೆ ಒಬ್ಬರು ಡಾಕ್ಟ್ರು ಬರುವ ವಾರವೇ ಹೊಲೀತಾರಂತೆ."

ನಾನು ಆಗ ಪ್ಲೇಟನ್ನು ಕೆರೆಯುತ್ತಿದ್ದೆ. ಮೆಷಿನ್ ಆಫ್ ಮಾಡಿದೆ. "ಸೀಳು ಇನ್ನೂ ಅಗಲ ಉಂಟು ಐಸಮ್ಮ. ಮಗುವಿನ ತೂಕವೂ ಸಾಲದು. ಈಗ ಎಳೆದು ಹೊಲಿದ್ರೆ ಬಿಚ್ಚಿಕೊಳ್ಬಹುದು. ಮೂಗು ಹೀಗೆಯೇ ಚಪ್ಪಟೆ ಉಳೀತದೆ."

"ಉಳೀಲಿ. ಮೂಗು ಯಾರು ನೋಡ್ತಾರೆ?"

"ಇನ್ನು ಸ್ವಲ್ಪ ಸಮಯ ಸರಿಯಾಗಿ ಟೇಪು ಹಾಕಿದ್ರೆ ಸಾಕು. ಈ ಎಲುಬು ಮೆದು ಇರುವುದು ಈಗ ಮಾತ್ರ. ಮತ್ತೆ ನಾನು ಏನು ಮಾಡಿದ್ರೂ ಬಗ್ಗುವುದಿಲ್ಲ."

"ನಿಮಗೆ ಹೇಳಿ ಆಯ್ತು ಡಾಕ್ಟ್ರೇ. ಮನೆಯಲ್ಲಿ ಉತ್ತರ ಹೇಳ್ಬೇಕಾದದ್ದು ನಾನು."

ಆಗಲೇ ಸುಮಯ್ಯಾಳ ಫೋನ್ ರಿಂಗಾಯಿತು. ದುಬೈಯಿಂದ ವಿಡಿಯೋ ಕಾಲ್. "ತೆಗೀಬೇಡ," ಎಂದರು ಐಸಮ್ಮ. ಅಲ್ಲಿಯವರೆಗೆ ನೆಲ ನೋಡಿಕೊಂಡೇ ಮಾತಾಡುತ್ತಿದ್ದ ಹುಡುಗಿ ಫೋನ್ ತೆಗೆದಳು.

"ನಾವು ಡಾಕ್ಟ್ರ ಹತ್ರ ಇದ್ದೇವೆ. ನೀವು ಒಮ್ಮೆ ಹಿಬಾಳನ್ನು ನೋಡಿ," ಎಂದು ಫೋನನ್ನು ಮಗುವಿನ ಕಡೆ ತಿರುಗಿಸಿ ಹಿಡಿದಳು.

ಪ್ಲೇಟು ನನ್ನ ಕೈಯಲ್ಲಿತ್ತು. ಮಗುವಿನ ಮುಖದ ಮೇಲೆ ಏನೂ ಇರಲಿಲ್ಲ. ಹೊಳೆಯುವ ಫೋನ್ ಕಂಡು ಹಿಬಾ ನಕ್ಕಳು. ಸೀಳುತುಟಿಯ ಮಕ್ಕಳ ನಗು ಸಣ್ಣದಲ್ಲ; ಇಡೀ ಮುಖ ತೆರೆದುಕೊಂಡ ಹಾಗೆ ಇರುತ್ತದೆ.

ಪರದೆಯಲ್ಲಿ ರಫೀಕ್ ಕಾಣುತ್ತಿದ್ದ. ದಪ್ಪ ಮೀಸೆ, ಹಿಂದೆ ರಟ್ಟಿನ ಪೆಟ್ಟಿಗೆಗಳ ರಾಶಿ. ಅವನು ಪರದೆಯ ಹತ್ತಿರಕ್ಕೆ ಮುಖ ತಂದ. ಮತ್ತೆ ಮೆಲ್ಲಗೆ ಕೇಳಿದ, "ಬಿದ್ದದ್ದಾ? ಯಾವಾಗ ಬಿದ್ದದ್ದು? ಉಮ್ಮಾ, ನಾನು ಸಣ್ಣದಿರುವಾಗ ಮೆಟ್ಟಿಲಿನಿಂದ ಬಿದ್ದು ಪೆಟ್ಟಾದದ್ದೂ ಇಲ್ಲಿಯೇ ಅಲ್ವಾ?"

ಹಾಗೆ ಹೇಳುತ್ತ, ತೋರಿಸಲೆಂದು ಬೆರಳಿನಿಂದ ಮೀಸೆಯನ್ನು ಬದಿಗೆ ಸರಿಸಿದ. ತುಟಿಯ ಅಂಚಿನಿಂದ ನೆಟ್ಟಗೆ ಮೂಗಿನವರೆಗೆ ಒಂದು ಹಳೆಯ ಹೊಲಿಗೆಯ ಗೆರೆ. ಆ ಬದಿಯ ಹೊಳ್ಳೆ ಕುಸಿದು ಅಗಲವಾಗಿತ್ತು. ಯಾವ ಮೆಟ್ಟಿಲೂ ಮನುಷ್ಯನ ಮುಖವನ್ನು ಹಾಗೆ ಸೀಳುವುದಿಲ್ಲ. ಮೀಸೆ ಬಿಟ್ಟು ಮುಚ್ಚಿದ್ದ ಮುಖ ಅದು. ನಾನು ಜೀವಮಾನವಿಡೀ ನೋಡಿದ ಮುಖ.

ನಾನು ತಲೆಯೆತ್ತಿದೆ. ಐಸಮ್ಮ ನನ್ನನ್ನೇ ನೋಡುತ್ತಿದ್ದರು. ಮರುಗಳಿಗೆ ಫೋನ್ ಕಸಿದುಕೊಂಡು, "ಇಲ್ಲಿ ನೆಟ್‌ವರ್ಕ್ ಇಲ್ಲ ಮೋನೇ," ಎಂದು ಕಟ್ ಮಾಡಿದರು.

ಫೋನಿನ ಹಿಂದೆ ನಿಂತಿದ್ದ ಸುಮಯ್ಯಾಳಿಗೆ ಪರದೆ ಕಂಡಿರಲಿಲ್ಲ. "ಅವರಿಗೆ ಕೋಪ ಬಂತಾ?" ಎಂದು ಕೇಳಿ ಅಳಲು ಶುರು ಮಾಡಿದಳು. ಪ್ಲೇಟು ಕೂರಿಸಿ, ಮಗುವಿಗೆ ಹಾಲು ಕುಡಿಸಿಕೊಂಡು ಬಾ ಎಂದು ಅವಳನ್ನು ಹೊರಗೆ ಕಳಿಸಿದೆ.

ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು. ಆ ಹೊತ್ತಿನಲ್ಲಿ ನನ್ನ ನಾಲಗೆ ತುದಿಯಲ್ಲಿ ದೊಡ್ಡ ಭಾಷಣವೇ ಇತ್ತು. ಪತ್ತೇದಾರಳ ಹಾಗೆ ಬೆರಳು ತೋರಿಸಿ, ಸೊಸೆಯನ್ನು ಕರೆದು, ಎಲ್ಲ ಬಯಲು ಮಾಡಬೇಕೆಂದು ಕೈ ತುರಿಸುತ್ತಿತ್ತು. ಮಾಡಲಿಲ್ಲ. ಸುಮ್ಮನೆ ಸ್ಟೂಲು ಎಳೆದು ಕೂತೆ. ಐಸಮ್ಮನೇ ಮಾತು ತೆಗೆದರು.

"ನಿಮಗೆ ಗೊತ್ತಾಯ್ತಲ್ವಾ?"

"ಮೂಗು ನೋಡಿ ಗೊತ್ತಾಯ್ತು."

"ತುಟಿಗೆ ಮೀಸೆ ಬಿಟ್ಟಾಯ್ತು. ಮೂಗಿಗೆ ಏನು ಬಿಡುವುದು?" ಎಂದು ಕುರ್ಚಿಯಲ್ಲಿ ಕುಸಿದು ಕೂತರು.

ರಫೀಕ್ ಹುಟ್ಟಿದಾಗ ಅವರ ಅತ್ತೆಯ ಮನೆಯಲ್ಲೂ ಗ್ರಹಣದ ಮಾತೇ ಬಂದಿತ್ತು. ಐಸಮ್ಮ ಕತ್ತರಿಸಿದ್ದು ಬಸಳೆಯಲ್ಲ, ಮೀನು. ಬಾಯಿ ಹರಿದ ಮಗುವನ್ನು ಹೆತ್ತವಳೆಂದು ತವರಿಗೆ ಕಳಿಸಿದರು. ಮತ್ತೆ ಕರೆಯಲು ಯಾರೂ ಬರಲಿಲ್ಲ. ಮಗುವನ್ನು ಎತ್ತಿಕೊಂಡು ಒಬ್ಬರೇ ಮಂಗಳೂರಿಗೆ ಹೋಗಿ ಹೊಲಿಸಿದರು. ತಿಂಗಳುಗಟ್ಟಲೆ ಚಮಚದಲ್ಲಿ ಹಾಲು ಬಿಟ್ಟು ಬದುಕಿಸಿದರು. ಆಮೇಲೆ ಗಂಡ ಬೇರೆ ಮನೆ ಮಾಡಿ ತೋಡಾರಿಗೆ ಕರೆದುಕೊಂಡು ಬಂದ. ಹೊಸ ಊರು, ಹಳೆಯದು ಯಾರಿಗೂ ಗೊತ್ತಿಲ್ಲ. ಗೆರೆ ಏನೆಂದು ಕೇಳಿದವರಿಗೆ ಮಗು ಮೆಟ್ಟಿಲಿನಿಂದ ಬಿದ್ದದ್ದು ಎಂದರು. ಮಗ ದೊಡ್ಡವನಾಗಿ ಕೇಳಿದಾಗಲೂ ಅದನ್ನೇ ಹೇಳಿದರು.

"ಬಿದ್ದದ್ದು ಅಂದ್ರೆ ತಪ್ಪು ಮೆಟ್ಟಿಲಿನದ್ದು ಡಾಕ್ಟ್ರೇ," ಎಂದರು. "ಹುಟ್ಟುವಾಗಲೇ ಅಂದ್ರೆ ತಪ್ಪು ನನ್ನದು."

"ಹಾಗಾದ್ರೆ ಸುಮಯ್ಯಾಳ ತಪ್ಪು ಯಾವುದು ಐಸಮ್ಮ?"

ಅವರು ಮಡಿಲಲ್ಲಿದ್ದ ಶಾಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು. ಅಷ್ಟು ದೊಡ್ಡ ಸ್ವರದ ಹೆಂಗಸಿನ ಅಳು ಅಷ್ಟು ಸಣ್ಣದಿರಬಹುದೆಂದು ನಾನು ಎಣಿಸಿರಲಿಲ್ಲ.

"ನಾನು ಯಾರಿಗೂ ಹೇಳುವುದಿಲ್ಲ," ಎಂದೆ. "ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಆದ್ರೆ ಒಂದು ಕೇಳಿ. ನಿಮ್ಮ ಕಾಲದಲ್ಲಿ ಈ ಪ್ಲೇಟು ಇರ್ಲಿಲ್ಲ. ಇದ್ದಿದ್ರೆ ನೀವು ಮಗುವನ್ನು ಎತ್ತಿಕೊಂಡು ನಡೆದಾದ್ರೂ ಬರ್ತಿದ್ರಿ. ಹಿಬಾಳ ಮೂಗು ರಫೀಕನ ಮೂಗಿನ ಹಾಗೆ ಆಗದಿರ್ಲಿಕ್ಕೆ ಈಗ ದಾರಿ ಉಂಟು. ಎಣ್ಣೆ ಒಂದು ನಿಲ್ಲಿಸಿ."

ಐಸಮ್ಮ ಎದ್ದು ಹೊರಟರು.

ಮುಂದಿನ ವಾರ ಅವರು ಬರಲಿಲ್ಲ. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಬೇರೆ ಡಾಕ್ಟರ ಹತ್ತಿರ ಹೋಗಿ ಹೊಲಿಸಿಯೇಬಿಟ್ಟರೆಂದು ನಾನು ಒಳಗೊಳಗೇ ಬೆಂದೆ. ಬಾಯಿ ಮುಚ್ಚಿಕೊಂಡಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಮತ್ತೆ, ಬಾಯಿ ಬಿಟ್ಟಿದ್ದರೆ ಇನ್ನೂ ಕೆಡುತ್ತಿತ್ತೆಂದು ಸಮಾಧಾನ ಮಾಡಿಕೊಂಡೆ. ಆ ವಾರ ಮಾಡಿದ ಎರಡು ಪ್ಲೇಟುಗಳು ಸರಿಯಾಗಿ ಕೂರಲೇ ಇಲ್ಲ.

ಅದರ ಮುಂದಿನ ವಾರ ಒಳಗೆ ಮಗುವೊಂದಕ್ಕೆ ಟೇಪು ಅಂಟಿಸುತ್ತಿರುವಾಗ ಹೊರಗಿನ ಬೆಂಚಿನಿಂದ ಮಾತು ಕೇಳಿಸಿತು. ಬೆಳುವಾಯಿಯಿಂದ ಬಂದಿದ್ದ ಒಬ್ಬ ಅಜ್ಜಿ ತನ್ನ ಸೊಸೆ ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕೆ ಇಳಿದದ್ದನ್ನು ಯಾರಿಗೋ ವಿವರಿಸುತ್ತಿದ್ದರು. ಅಷ್ಟರಲ್ಲಿ ರಸ್ತೆಯ ಆಚೆ ಬದಿಗೆ ಕೇಳುವ ಆ ಸ್ವರ ಎದ್ದಿತು:

"ಸೂರ್ಯ ಚಂದ್ರರಿಗೆ ನಿಮ್ಮ ಸೊಸೆಯ ಹಿಂದೆ ತಿರುಗುವುದೇ ಕೆಲಸವಾ ಮಾರಾಯ್ತಿ? ನನ್ನ ಮಗನಿಗೂ ಹುಟ್ಟುವಾಗಲೇ ಇದ್ದದ್ದು. ನೋಡಿ, ಇಲ್ಲಿಯೇ ಇದ್ದಾನೆ. ದುಬೈಯಲ್ಲಿ ಕೆಲಸ, ಮದುವೆ ಆಗಿ ಮಗು ಉಂಟು. ಏನು ಕಮ್ಮಿಯಾಗಿದೆ ಅವನಿಗೆ?"

ಬಾಗಿಲು ತೆರೆದು ನೋಡಿದೆ. ಐಸಮ್ಮ, ಸುಮಯ್ಯಾ, ಅವಳ ತೋಳಲ್ಲಿ ಕೆನ್ನೆಯಿಂದ ಕೆನ್ನೆಗೆ ಬಿಗಿಯಾಗಿ ಟೇಪು ಅಂಟಿಸಿದ ಹಿಬಾ. ಶಾಲು ಇರಲಿಲ್ಲ. ಜೊತೆಯಲ್ಲೊಬ್ಬ ಗಂಡಸು. ಮೊದಲು ನನಗೆ ಗುರುತು ಸಿಗಲಿಲ್ಲ. ಮುಖವೆಲ್ಲ ಬಿಸಿಲಿಗೆ ಕಂದಿತ್ತು, ಮೂಗಿನ ಕೆಳಗಿನ ಒಂದು ತುಂಡು ಮಾತ್ರ ಬೆಳ್ಳಗೆ. ರಫೀಕ್ ಮೀಸೆ ಬೋಳಿಸಿದ್ದ. ತುಟಿಯ ಗೆರೆ ಹಾಡಹಗಲಲ್ಲಿ ಎದ್ದು ಕಾಣುತ್ತಿತ್ತು.

"ಉಮ್ಮ ಫೋನ್ ಮಾಡಿ, 'ನೀನು ಬಿದ್ದದ್ದಲ್ಲ' ಅಂತ ಹೇಳಿದ್ರು ಡಾಕ್ಟ್ರೇ," ಎಂದ. "ನಾನು ಬಿದ್ದದ್ದು ಆಗ!"

ಸಿಕ್ಕಿದ ಮೊದಲ ವಿಮಾನದಲ್ಲಿ ಹೊರಟು ಬಂದಿದ್ದ. ಮನೆ ತುಂಬ ನೆಂಟರಾಗಿ ಆ ವಾರ ನನ್ನ ಹತ್ತಿರ ಬರಲು ಆಗಿರಲಿಲ್ಲ. ಕನ್ನಡಿಯ ಎದುರು ಮಗುವನ್ನು ಎತ್ತಿ ಹಿಡಿದು ಎರಡು ಮುಖಗಳನ್ನೂ ಬಹಳ ಹೊತ್ತು ನೋಡಿದನಂತೆ. ಮರುದಿನ ಬೆಳಿಗ್ಗೆ ಮೀಸೆ ಇರಲಿಲ್ಲ. ಸುಮಯ್ಯಾ ಪಿಸುಗುಟ್ಟಿದಳು, "ಮಾಮಿ ಮೊದಲು ಹೇಳಿದ್ದು ನನಗೆ. ಆ ದಿನ ಬಸ್ಸಿನಲ್ಲಿಯೇ. ಮನೆಗೆ ಹೋಗುವವರೆಗೆ ತಡೀಲಿಕ್ಕೆ ಆಗ್ಲಿಲ್ಲ ಅವರಿಗೆ. ಇಡೀ ಬಸ್ಸಿಗೆ ಕೇಳಿತು." ತಡೆದು, "ನನ್ನ ಕೈ ಹಿಡ್ಕೊಂಡು ಹೇಳಿದ್ರು," ಎಂದಳು.

ನಾನು ಹಿಬಾಳ ಬಾಯಿ ತೆರೆದು ನೋಡಿದೆ. "ನಿಮ್ಮ ಕಥೆ ಎಲ್ಲ ಆಮೇಲೆ. ಒಂದು ವಾರ ತಪ್ಪಿಸಿದ್ದು ಯಾಕೆ? ಪ್ಲೇಟು ಸಡಿಲ ಆಗಿದೆ ನೋಡಿ," ಎಂದು ಮೂವರಿಗೂ ಸೇರಿಸಿ ಬೈದೆ. ಐಸಮ್ಮ ಎದುರು ಮಾತಾಡದೆ ಬೈಸಿಕೊಂಡರು. ನನ್ನ ವೃತ್ತಿಜೀವನದ ದೊಡ್ಡ ಗೆಲುವು ಅದೇ ಇರಬೇಕು.

ಅಲ್ಲಿಂದ ಮುಂದೆ ಕೆಲಸ ಸರಾಗವಾಯಿತು. ಟೇಪು ಜಾರಲಿಲ್ಲ. ಒಸಡಿನ ತುದಿಗಳು ವಾರ ವಾರ ಹತ್ತಿರ ಬಂದವು, ತಂತಿಯ ಗುಂಡು ಹೊಳ್ಳೆಯನ್ನು ಎತ್ತಿ ದುಂಡಗೆ ಮಾಡಿತು. ತೂಕ ಬಂದ ಮೇಲೆ ಸರ್ಜನ್ ತುಟಿ ಹೊಲಿದರು. ಅಂಗುಳದ್ದು ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಎಂದು ತೀರ್ಮಾನವಾಯಿತು. ಸರ್ಜನ್ ಹೊರಗೆ ಬಂದು ಹೊಲಿಗೆಗೆ ಎಳೆತವೇ ಇರಲಿಲ್ಲ ಎಂದರು. ಸರ್ಜನ್‌ಗಳು ನಮ್ಮನ್ನು ಹೊಗಳುವುದು ಅಷ್ಟರಲ್ಲೇ.

ಮಗುವನ್ನು ತಂದು ತೋರಿಸಿದಾಗ ಸುಮಯ್ಯಾ ಅಳತೊಡಗಿದಳು. ಸಂತೋಷಕ್ಕೆಂದು ಎಲ್ಲರೂ ತಿಳಿದರು. ಅವಳು ನನ್ನ ಕೈ ಹಿಡಿದು, "ಚಂದ ಆಗಿದ್ದಾಳೆ ಡಾಕ್ಟ್ರೇ. ಆದ್ರೆ ಅವಳ ಆ ನಗು ಎಲ್ಲಿ?" ಎಂದು ಕೇಳಿದಳು. ಎಷ್ಟೋ ತಾಯಂದಿರು ಇದನ್ನೇ ಕೇಳಿದ್ದಾರೆ. ನಾವು ತಿಂಗಳುಗಟ್ಟಲೆ ಕಷ್ಟಪಟ್ಟು ಅಳಿಸುವ ಆ ಅಗಲ ನಗುವನ್ನು ಅವರು ಅಷ್ಟರಲ್ಲಿ ಮನಸಾರೆ ಪ್ರೀತಿಸಿರುತ್ತಾರೆ. ಪಕ್ಕದಲ್ಲಿ ಕೂತು ಅವಳು ಅತ್ತು ಮುಗಿಸುವವರೆಗೆ ಕಾದೆ. ನೀವೂ ಅಷ್ಟೇ ಮಾಡಿ.

ರಜೆಯನ್ನು ಮುಂದಕ್ಕೆ ಎಳೆಯುತ್ತ ಹೋದ ರಫೀಕ್ ಕೊನೆಗೆ ದುಬೈಗೆ ವಾಪಸು ಹೊರಡುವ ಮೊದಲು ನಾಲ್ವರೂ ಮೂಡುಬಿದಿರೆಗೆ ಬಂದರು. ಗಾಯ ಚೆನ್ನಾಗಿ ಮಾಗಿತ್ತು. ಐಸಮ್ಮ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. ಎಲ್ಲ ಮುಗಿದ ಮೇಲೆ ಸುಮಯ್ಯಾ, "ಡಾಕ್ಟ್ರೇ, ಇವರಿಗೆ ನೀವೊಂದು ಮಾತು ಹೇಳ್ಬೇಕು. ಮೀಸೆ ಪುನಃ ಬಿಡ್ಲಿಕ್ಕೆ ಹೇಳಿ," ಎಂದಳು.

ನನಗೆ ಬೇಸರವಾಯಿತು. ಇಷ್ಟೆಲ್ಲ ಆದ ಮೇಲೂ ಮುಚ್ಚಿಡುವುದೇ? ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೋಡು ಸುಮಯ್ಯಾ, ಆ ಗೆರೆಯಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ..." ಎಂದು ಶುರು ಮಾಡಿದೆ.

"ಅಯ್ಯೋ, ಗೆರೆ ಇರ್ಲಿ ಡಾಕ್ಟ್ರೇ, ಗೆರೆ ಚಂದವೇ ಉಂಟು," ಎಂದು ಅವಳು ತಡೆದಳು. "ಮೀಸೆ ತೆಗೆದ ಮೇಲೆ ಇವರು ಥೇಟ್ ಮಾಮಿಯ ಹಾಗೆಯೇ ಕಾಣ್ತಾರೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಪಕ್ಕದಲ್ಲಿ ಮಾಮಿ ಮಲಗಿದ ಹಾಗೆ ಆಗ್ತದೆ. ಹೆದರಿ ಸಾಯ್ತೇನೆ."

ಐಸಮ್ಮ ಮಗನ ಮುಖವನ್ನು ಒಮ್ಮೆ ನೋಡಿದರು. ನನ್ನ ಗೋಡೆಯ ಕನ್ನಡಿಯ ಕಡೆ ತಿರುಗಿ ತನ್ನ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ನೋಡಿಕೊಂಡರು. ಮತ್ತೆ ಮಗನನ್ನು ನೋಡಿದರು.

"ಬಿಡು ಮೋನೇ," ಎಂದರು. "ಮೀಸೆ ಬಿಡು."